ಕಲ್ಲು ನೋಡುವ ದಿನ

ನನ್ನ ತವರನ್ನು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈಗಲೂ ಕುಶಾಲನಗರದ ಕಡೆಯ ಹಳಬರು ಯಾರಾದರೂ ಸಿಕ್ಕಿ, ನಿಮ್ಮವ್ವ ಅಂದ್ರೆ ಅನ್ನಪೂರ್ಣೆ ಕಣಮ್ಮ, ಹೊಳೆ ಬಂದ ವರ್ಷ ಆಚೆ ದಡದೋರಿಗೆ ಅನ್ನ ಹಾಕಿದ ಕೈ ಅದು ಎಂದು ಶುರು ಮಾಡಿದರೆ ನಾನು ಮಾತು ಮರೆಸುತ್ತೇನೆ. ಮರೆಸಲು ಆಗದಿದ್ದರೆ ಬಸ್ಸು ಬಂತು ಎಂದು ಸುಳ್ಳು ಹೇಳಿ ಎದ್ದುಬಿಡುತ್ತೇನೆ. ನನ್ನ ಮಕ್ಕಳಿಗೆ ಇದು ಅಹಂಕಾರದಂತೆ ಕಾಣುತ್ತದೆ. ಕಾಣಲಿ. ಅನ್ನ ಹಾಕಿದ್ದು ನಿಜ, ಅದರಲ್ಲಿ ಒಂದಗುಳೂ ಸುಳ್ಳಲ್ಲ. ಅವರು ನಮ್ಮ ಮನೆಗೆ ಬಂದು ಉಣ್ಣಬೇಕಾದ ಗತಿ ಯಾಕೆ ಬಂತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಇವತ್ತು ಬರೆದುಬಿಡುತ್ತೇನೆ.

ನಮ್ಮ ಮನೆ ಕಾವೇರಿಯ ಒಂದು ತಿರುವಿನಲ್ಲಿ, ತುಂಬಿದ ಹೊಳೆಗಿಂತ ತಗ್ಗಿನಲ್ಲಿ ಇತ್ತು. ಅಂಥ ಕಡೆ ಮನೆ ಕಟ್ಟಲು ನಿಮಗೇನು ತಲೆ ಕೆಟ್ಟಿತ್ತೇ ಎಂದು ಕೇಳಬಹುದು. ಹಾಸನದ ಕಡೆಯಿಂದ ಗಂಟುಮೂಟೆ ಹೊತ್ತು ಬಂದ ಐದು ಸಂಸಾರಗಳಿಗೆ ಎತ್ತರದ ನೆಲ ಯಾರು ಬಿಟ್ಟಿದ್ದರು? ಎತ್ತರಕ್ಕೆಲ್ಲ ಆಗಲೇ ಒಡೆಯರಿದ್ದರು. ನಮಗೆ ಸಿಕ್ಕಿದ್ದು ಹೊಳೆ ಹಾಕಿಹೋದ ಮೆಕ್ಕಲು ಮಣ್ಣಿನ ತಗ್ಗು, ಬಿತ್ತಿದ್ದೆಲ್ಲ ಬೆಳೆಯುವ ಮಣ್ಣು. ಮನೆಗೆ ಒಂದು ನಡುಮನೆ, ಒಂದು ಮಗ್ಗುಲಿಗೆ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ, ಅದರ ಹಿಂದೆ ಗಾಳಿ ಬೆಳಕಿಲ್ಲದ ಒಂದು ಕೋಣೆ, ಮುಂದೆ ಉದ್ದನೆಯ ಜಗಲಿ. ನೆಲದ ಮೇಲೆ ಇಡುವ ಸಾಮಾನು ನಮ್ಮಲ್ಲಿ ಬಹಳ ಕಡಿಮೆ. ಅಕ್ಕಿ, ರಾಗಿ, ಅವ್ವನ ಮದುವೆಯ ಟ್ರಂಕು ಎಲ್ಲ ಅಟ್ಟದ ಮೇಲೆ. ಉಪ್ಪು, ಬೆಲ್ಲ, ಬೆಣ್ಣೆ ನೆಲುವಿನಲ್ಲಿ ತೂಗುತ್ತಿದ್ದವು. ಎಲ್ಲರ ಮನೆಯಲ್ಲೂ ಹೀಗೆಯೇ ಎಂದು ನಾನು ತಿಳಿದಿದ್ದೆ. ಶಾಲೆಗೆ ಸೇರಿದ ಮೇಲೆ ಗೆಳತಿಯೊಬ್ಬಳ ಮನೆಯಲ್ಲಿ ಅಕ್ಕಿಮೂಟೆಯನ್ನು ನೆಲದ ಮೇಲೆ ಒರಗಿಸಿದ್ದನ್ನು ನೋಡಿ, ಇವರಿಗೆ ಬುದ್ಧಿ ಇಲ್ಲ ಎಂದು ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ. ಮಳೆಗಾಲದಲ್ಲಿ ಅವಳು ಬೆಳಿಗ್ಗೆ ಎದ್ದ ಕೂಡಲೇ ನೆಲಕ್ಕೆ ಅಂಗೈ ಒತ್ತಿ, ತೇವ ಕೆಳಗಿನಿಂದ ಏರುತ್ತಿದೆಯೇ ಎಂದು ನೋಡುತ್ತಿದ್ದಳು. ಆಮೇಲೆ ದೇವರಿಗೆ ಕೈಮುಗಿಯುತ್ತಿದ್ದಳು.

ಹೊಳೆಗೂ ನಮಗೂ ನಡುವೆ ಇದ್ದದ್ದು ಒಂದು ಮಣ್ಣಿನ ಏರಿ. ನನ್ನ ಎತ್ತರದಷ್ಟು, ಮೇಲೆ ಒಬ್ಬರು ನಡೆಯುವಷ್ಟು ಅಗಲ. ಹೊಳೆಯ ಕಡೆಗೆ ಲಕ್ಕಿಗಿಡ ನೆಟ್ಟಿದ್ದರು, ಬೇರು ಮಣ್ಣನ್ನು ಹಿಡಿದುಕೊಳ್ಳಲಿ ಎಂದು. ಆಚೆ ದಡದವರದೂ ಇಂಥದೇ ತಗ್ಗು, ಇಂಥದೇ ಏರಿ. ಆಗ ಕೊಡಗೇ ಒಂದು ರಾಜ್ಯ, ಹೊಳೆ ದಾಟಿದರೆ ಮೈಸೂರು. ಕಂದಾಯ ನೋಡುವ ನಮ್ಮ ಪಾರುಪತ್ಯಗಾರರಿಗೆ ಆಚೆ ದಡ ಪರದೇಶ, ಅವರ ಶಾನುಭೋಗರಿಗೆ ಈಚೆ ದಡ ಪರದೇಶ. ಹೀಗಾಗಿ ಏರಿಯ ವಿಚಾರದಲ್ಲಿ ನಮ್ಮ ನಮ್ಮಲ್ಲೇ ಒಂದು ಕಟ್ಟು ಇತ್ತು. ಒಬ್ಬರು ಏರಿ ಎತ್ತರಿಸಿದರೆ ನೀರು ಇನ್ನೊಬ್ಬರ ಮೇಲೆ ಹೋಗುತ್ತದೆ. ಅದಕ್ಕೆ ಹಿಂದೊಮ್ಮೆ ಹೊಳೆ ಉಕ್ಕಿ ಎರಡೂ ದಡಕ್ಕೆ ಸಮನಾಗಿ ನಿಂತಾಗ ಆ ಮಟ್ಟವನ್ನೇ ಗುರುತು ಮಾಡಿ, ಎರಡೂ ಕಡೆ ಏರಿಯ ಒಳಮಗ್ಗುಲಲ್ಲಿ ಒಂದೊಂದು ಕಲ್ಲು ನೆಟ್ಟಿದ್ದರು. ಆ ಕಲ್ಲಿನ ನೆತ್ತಿಗಿಂತ ಮೇಲೆ ಒಂದು ಹೆಂಟೆ ಮಣ್ಣೂ ಏರಬಾರದು. ಅದನ್ನೂ ಮೀರಿ ನೀರು ಬಂದರೆ ಎರಡೂ ಏರಿಯ ಮೇಲೆ ಒಟ್ಟಿಗೆ ತೆಳ್ಳಗೆ ಹರಿಯುತ್ತದೆ, ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ಎರಡು ದಿನ ಕಳೆಯುತ್ತಾರೆ, ಯಾರೂ ಮುಳುಗುವುದಿಲ್ಲ. ಕಷ್ಟವನ್ನು ಹಂಚಿಕೊಳ್ಳುವ ಲೆಕ್ಕ. ಮುಂಗಾರಿಗೆ ಮುಂಚೆ ಎರಡೂ ಕಡೆಯವರು ಕರಗಿದ ಏರಿಗೆ ಹೊಸ ಮಣ್ಣು ಹಾಕಿ, ಏಡಿ ಬಿಲಗಳಿಗೆ ಜೇಡಿ ತುಂಬಿ, ಮರದ ಕೊರಡಿನಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಆಮೇಲೆ ಒಂದು ದಿನ ಅವರು ಹರಿಗೋಲಿನಲ್ಲಿ ಬಂದು ನಮ್ಮ ಏರಿ ನೋಡುವುದು, ನಾವು ಹೋಗಿ ಅವರದು ನೋಡುವುದು, ಒಂದು ವರ್ಷ ನಮ್ಮಲ್ಲಿ ಒಂದು ವರ್ಷ ಅವರಲ್ಲಿ ಎಲ್ಲರೂ ಕೂತು ಉಣ್ಣುವುದು. ಇದಕ್ಕೆ ನಾವು ಕಲ್ಲು ನೋಡುವುದು ಎನ್ನುತ್ತಿದ್ದೆವು. ನಮ್ಮ ಕಡೆಯ ಕಲ್ಲು ನಮ್ಮ ಗದ್ದೆಯ ಮೂಲೆಯಲ್ಲೇ ಇತ್ತು.

ನನಗೆ ಎಂಟೋ ಒಂಬತ್ತೋ ಇದ್ದಾಗ ಅಂಥ ನೀರು ಬಂತು. ಎರಡೂ ಕಡೆ ಸಮನಾಗಿಯೇ ಬಂತು, ಕಟ್ಟು ಮೀರಲಿಲ್ಲ. ನಡುಮನೆಯಲ್ಲಿ ಮೊಣಕಾಲುದ್ದ ನಿಂತು ಮೂರನೇ ದಿನ ಇಳಿಯಿತು. ನಾವು ದನಗಳನ್ನು ದಿಣ್ಣೆಗೆ ಅಟ್ಟಿ, ಅಟ್ಟದ ಮೇಲೆ ಕೂತು ಅವಲಕ್ಕಿ ತಿಂದೆವು. ನನಗಂತೂ ಹಬ್ಬವಾಗಿತ್ತು. ಆದರೆ ನೀರು ಇಳಿದ ಮೇಲೆ ಬಾವಿ ಕೆಟ್ಟಿತ್ತು. ಒಂದು ವಾರಕ್ಕೆ ನನ್ನ ತಮ್ಮನಿಗೆ ವಾಂತಿಭೇದಿ ಹತ್ತಿಕೊಂಡಿತು. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಮಗು. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ಕುಶಾಲನಗರದ ಆಸ್ಪತ್ರೆಗೆ ಓಡಿದ. ಹಿಂದೆ ಬರುವಾಗ ಓಡುತ್ತಿರಲಿಲ್ಲ. ಅವ್ವ ಅತ್ತಿದ್ದು ನನಗೆ ನೆನಪಿಲ್ಲ. ಗೋಡೆಯ ಮೇಲೆ ನೀರು ಬಿಟ್ಟುಹೋದ ಕೆಂಪು ಗೆರೆಗೆ ಅವಳು ಮತ್ತೆ ಮತ್ತೆ ಸುಣ್ಣ ಬಳಿಯುತ್ತಿದ್ದದ್ದು ನೆನಪಿದೆ. ಒಣಗಿದ ಮೇಲೆ ಗೆರೆ ಮತ್ತೆ ಕಾಣುತ್ತಿತ್ತು. ಅವಳು ಮತ್ತೆ ಬಳಿಯುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ, ಏರಿಗೆ ಮಣ್ಣು ಹಾಕುವ ಕೆಲಸ ಇನ್ನೇನು ಶುರುವಾಗಬೇಕು ಎನ್ನುವಾಗ, ಒಂದು ಸಂತೆಯ ದಿನ ಎರಡೂ ದಡದ ಜನ ಪೇಟೆಗೆ ಹೋಗಿದ್ದರು. ನಾವು ಹೋಗಲಿಲ್ಲ. ಮಟಮಟ ಮಧ್ಯಾಹ್ನ ಅವ್ವ ಹಾರೆ ತಂದು ಅಪ್ಪನ ಮುಂದೆ ನಿಲ್ಲಿಸಿದಳು. ಇಬ್ಬರಲ್ಲೂ ಮೊದಲೇ ಮಾತಾಗಿತ್ತೆಂದು ಕಾಣುತ್ತದೆ. ಆದರೂ ಅಪ್ಪ ಜಗಲಿ ಬಿಟ್ಟು ಏಳಲಿಲ್ಲ.

"ಬ್ಯಾಡ ಕಣೆ," ಅಂದ. "ಎಲ್ಲರೂ ಕೈಮುಗಿಯೋ ಕಲ್ಲು ಅದು."

"ಕೈಮುಗ್ದಿದ್ದಕ್ಕೆ ಏನು ಕೊಡ್ತು?" ಅಂದಳು ಅವ್ವ. "ನೀವು ಏಳ್ತೀರೋ, ನಾನೇ ಹೋಗ್ಲೋ?"

ಅವಳು ಹೊರಟೇಬಿಟ್ಟಳು. ಅಪ್ಪ ಹಿಂದೆ ಹೋದ. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋದೆ. ಅಪ್ಪ ಕಲ್ಲಿನ ಸುತ್ತ ಬಗೆದು, ಬುಡಕ್ಕೆ ಹಾರೆ ಕೊಟ್ಟು ಮೀಟಿದ. ಕಲ್ಲು ಒಂದು ಗೇಣಿನಷ್ಟು ಮೇಲೆದ್ದಾಗ ಅವ್ವ ಒಡೆದುಹೋಗಿದ್ದ ನಮ್ಮ ಬೀಸುವ ಕಲ್ಲಿನ ಅರ್ಧವನ್ನು ಅಡಿಗೆ ತಳ್ಳಿದಳು. ಅಷ್ಟೇ. ಒಂದು ಹೊತ್ತಿನ ಅಡುಗೆಗೆ ಹಿಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಬುಡದ ಸುತ್ತ ಮಣ್ಣು ತುಂಬಿ ನೆಲವನ್ನೂ ಏರಿಸಿದರು, ಕಲ್ಲು ಉದ್ದವಾದಂತೆ ಕಾಣಬಾರದಲ್ಲ. ಆದರೂ ನಾಲ್ಕು ಬೆರಳು ಹೆಚ್ಚಾಗಿಯೇ ಕಾಣುತ್ತಿತ್ತು. ಮಣ್ಣೊಳಗಿದ್ದ ಆ ನಾಲ್ಕು ಬೆರಳಿನ ಪಟ್ಟಿ ಪಾಚಿ ಇಲ್ಲದೆ ಬಿಳಿಚಿಕೊಂಡಿತ್ತು. ಅವ್ವ ನನ್ನ ಕಡೆ ತಿರುಗಿದಳು.

"ಬಾವಿಕಟ್ಟೆ ಪಾಚಿ ಕೆರ್ಕೊಂಡು ಬಾ. ಸಗಣಿ ನೀರಲ್ಲಿ ಕಲಸಿ ದಿನಾ ಹಚ್ಚು. ಹಿಡಿಯೋವರೆಗೂ ಹಚ್ಚು. ಯಾರಾದ್ರೂ ಕೇಳಿದ್ರೆ ಪೂಜೆ ಮಾಡ್ತಿದೀನಿ ಅನ್ನು."

ನಾನು ಬಹಳ ಚೆನ್ನಾಗಿ ಮಾಡಿದೆ. ಇದನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಮೊದಲ ಸಲ ನನಗೆ ದೊಡ್ಡವರ ಕೆಲಸ ಕೊಟ್ಟಿದ್ದರು. ದಿನಕ್ಕೆ ಎರಡು ಹೊತ್ತು ಹಚ್ಚಿ, ಒಣಗದಂತೆ ಒದ್ದೆ ಗೋಣಿ ಹೊದಿಸಿ, ಮೇಲಿನ ಹಳೆಯ ಪಾಚಿಯ ಬಣ್ಣಕ್ಕೂ ಕೆಳಗಿನ ಹೊಸದಕ್ಕೂ ಅಂತರ ಕಾಣದಂತೆ ಮಾಡಿದೆ. ನಮ್ಮ ಕಡೆಯ ಉಳಿದ ನಾಲ್ಕು ಮನೆಯವರು ಬಂದು ಕಲ್ಲಿನ ನೆತ್ತಿಗೆ ಸಮನಾಗಿ ಏರಿಗೆ ಮಣ್ಣು ಹಾಕಿದರು. ಆ ವರ್ಷ ಎಷ್ಟೊಂದು ಮಂಕರಿ ಮಣ್ಣು ಹೆಚ್ಚು ಬೇಕಾಯಿತು. ಮಣ್ಣು ಹೊತ್ತ ಕತ್ತಿಗೆ ಗೊತ್ತಾಗದೇ ಇರುತ್ತದೆಯೇ? ಒಬ್ಬರೂ ಬಾಯಿ ಬಿಡಲಿಲ್ಲ. ಅವರ ಮನೆಗಳಿಗೂ ನೀರು ಬಂದಿತ್ತಲ್ಲ.

ಕಲ್ಲು ನೋಡುವ ದಿನ ಆ ವರ್ಷ ಊಟದ ಸರದಿ ನಮ್ಮದು. ಅವ್ವ ಬೆಳಗಿನಿಂದ ಒಲೆ ಮುಂದೆಯೇ ಇದ್ದಳು. ಅಕ್ಕಿರೊಟ್ಟಿ, ಹುರುಳಿಕಾಳು ಸಾರು, ಎಳೆ ಹಲಸಿನಕಾಯಿ ಪಲ್ಯ. ಆಚೆ ದಡದಿಂದ ಎಂಟು ಹತ್ತು ಜನ ಬಂದರು. ಅವರಿಗೆ ಹಿರಿಯ ಕರಿಯಣ್ಣ, ಸಣ್ಣ ಆಳು, ಹಲ್ಲಿಲ್ಲದ ಬಾಯಿ, ಮಕ್ಕಳನ್ನು ಕಂಡರೆ ಕಾಡದೆ ಬಿಡುತ್ತಿರಲಿಲ್ಲ. ಅವನ ಜೊತೆ ಅವನ ಹಿರಿಸೊಸೆ ದೇವೀರಮ್ಮ. ಗಂಡ ಸತ್ತು ಎರಡು ವರ್ಷವಾಗಿತ್ತು, ಒಂದು ಸಣ್ಣ ಹೆಣ್ಣುಮಗು. ಗಂಡನ ಪಾಲಿನ ಹೊಲವನ್ನು ತಾನೇ ಗೇಯುತ್ತಿದ್ದಳು, ಗಂಡನ ಪಾಲಿನ ಏರಿಯನ್ನು ತಾನೇ ಬಡಿಯುತ್ತಿದ್ದಳು. ಅವಳು ಕೊರಡು ಬಡಿಯುವ ಸದ್ದು ಹೊಳೆ ದಾಟಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಕರಿಯಣ್ಣನಿಗೆ ಒಂದು ಅಭ್ಯಾಸವಿತ್ತು, ಪ್ರತಿ ವರ್ಷ ಕಲ್ಲಿಗೆ ಬೆನ್ನು ಕೊಟ್ಟು ನನ್ನನ್ನು ನಿಲ್ಲಿಸಿ, ಕಲ್ಲು ಗೆಲ್ತೋ ಹುಡುಗಿ ಗೆದ್ಲೋ ಎಂದು ನೋಡುವುದು. ಇದನ್ನು ನಾವು ಮೂವರೂ ಮರೆತೇಬಿಟ್ಟಿದ್ದೆವು. ಅವನು ಕಲ್ಲಿಗೆ ಕೈಮುಗಿದು, ಏರಿಯ ನೆತ್ತಿ ನೋಡಿ, ಸರಿಯಾಗೈತೆ ಅಂದ. ಆಮೇಲೆ ನನ್ನನ್ನು ಕರೆದ.

"ಬಾ ಕೂಸೇ, ನಿಂತ್ಕೊ. ಹೋದೊರ್ಷ ಹುಬ್ಬಿಗೆ ಬಂದಿತ್ತು. ಈ ವರ್ಷ ಮೂಗಿಗೆ ಇಳೀಬೇಕು."

ನಿಂತೆ. ಕಲ್ಲಿನ ನೆತ್ತಿ ಹುಬ್ಬಿಗೇ ಬಂತು. ಅವನು ಬಗ್ಗಿ ನೋಡಿದ, ನನ್ನ ಕಾಲು ನೋಡಿದ, ಮತ್ತೆ ನೋಡಿದ. ಅಪ್ಪ ಹೊಳೆಯ ಕಡೆ ಮುಖ ತಿರುಗಿಸಿದ್ದ. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಬಾಗಿಲಿಗೆ ಬಂದಿದ್ದಳು, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು.

"ಇದೇನವ್ವ," ಅಂದ ಕರಿಯಣ್ಣ. "ನೀನು ಬೆಳೀಲೇ ಇಲ್ವಾ?"

ಹೀಗೆ ಹೇಳು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿ.

"ಹೊಳೆ ಬಂದ್ಮೇಲೆ ನಂಗೂ ತಮ್ಮನ ಕಾಯ್ಲೆ ಬಂದಿತ್ತು ತಾತ," ಅಂದೆ. "ನಂದು ಬೆಳವಣಿಗೆ ನಿಂತೋಗೈತಂತೆ."

ಕರಿಯಣ್ಣನ ಕಣ್ಣು ತುಂಬಿಬಂತು. ನನ್ನ ತಲೆ ಮೇಲೆ ಕೈಯಿಟ್ಟ. ಸತ್ತ ತಮ್ಮನ ಹೆಸರು ಹೇಳಿ ಒಂದು ಸುಳ್ಳನ್ನು ಗೆಲ್ಲಿಸಿದ್ದೆ. ಅವ್ವ ಒಳಗೆ ಹೋಗಿ ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮಾರನೇ ದಿನದಿಂದ ಹಾಲು ಬರತೊಡಗಿತು. ದೇವೀರಮ್ಮ ಹೇಗೂ ದಿನಾ ಹರಿಗೋಲಿನಲ್ಲಿ ಹೊಳೆ ದಾಟಿ ಪೇಟೆಯ ಹೋಟೆಲಿಗೆ ಎಮ್ಮೆ ಹಾಲು ಹಾಕಿ ಬರುತ್ತಿದ್ದಳು. ಮಾವ ಹೇಳಿದ್ದಾನೆಂದು ನಮ್ಮ ಬಾಗಿಲಲ್ಲಿ ನಿಂತು ಒಂದು ಲೋಟ ಹಾಲು ನನಗೆ ಅಳೆದು ಕೊಡುತ್ತಿದ್ದಳು. ಕುಡಿದು ಮುಗಿಸುವವರೆಗೂ ಹೋಗುತ್ತಿರಲಿಲ್ಲ, ಮನೆಯವರು ಬೇರೆ ಯಾರಿಗಾದರೂ ಕೊಟ್ಟುಬಿಟ್ಟಾರು ಎಂಬ ಅನುಮಾನ ಅವಳಿಗೆ. ತನ್ನ ಮಗಳಿಗೆ ಅಂಬಲಿ ಕುಡಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಗಟ್ಟಿ ಹಾಲು, ಮೇಲೆ ಕೆನೆ. ನನಗೆ ತುಂಬಾ ರುಚಿಯಾಗಿತ್ತು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿಯಿತು. ಅವಳು ಬರುವ ಹೊತ್ತಿಗೆ ನಾನೇ ಬಾಗಿಲಲ್ಲಿ ಕಾಯುತ್ತಿದ್ದೆ, ಎತ್ತರ ಕಾಣಬಾರದೆಂದು ಮೊಣಕಾಲು ಸ್ವಲ್ಪ ಮಡಿಸಿಕೊಂಡು.

"ಒಂದು ಚೂರು ಏರಿದೀಯ ಕಣವ್ವ," ಅನ್ನುತ್ತಿದ್ದಳು. "ದೀಪಾವಳಿ ಹೊತ್ತಿಗೆ ನೋಡು, ನನ್ನ ಸಮಕ್ಕೆ ಬತ್ತೀಯ."

ಆಷಾಢದ ಮಳೆ ಎಂಟು ದಿನ ಬಿಡದೆ ಹಿಡಿಯಿತು. ಒಂಬತ್ತನೇ ದಿನ ಬೆಳಿಗ್ಗೆ ಐದೂ ಮನೆಯವರು ಏರಿಯ ಮೇಲೆ ಸಾಲಾಗಿ ನಿಂತಿದ್ದೆವು. ಹೊಳೆ ಕೆಂಪಗೆ, ಬಿದಿರ ಮೆಳೆಗಳನ್ನು ಬುಡಸಮೇತ ಹೊತ್ತುಕೊಂಡು ಬರುತ್ತಿತ್ತು. ಮೊದಲಿನ ಏರಿಯಾಗಿದ್ದರೆ ಆಗಲೇ ನಮ್ಮ ಮೇಲೂ ನೀರು ಹರಿಯಬೇಕಿತ್ತು. ನೀರು ನಮ್ಮ ಏರಿಯ ನೆತ್ತಿಗೆ ನಾಲ್ಕು ಬೆರಳು, ಮೂರು ಬೆರಳು, ಎರಡು ಬೆರಳು ಎಂದು ಏರಿತು. ಅವ್ವ ಕೂತು ನೀರಿಗೂ ಮಣ್ಣಿಗೂ ನಡುವೆ ಕೈಬೆರಳು ಇಟ್ಟು ನೋಡುತ್ತಿದ್ದಳು. ಎಷ್ಟೋ ಹೊತ್ತು ಅಲ್ಲೇ ನಿಂತಿತು. ಆಮೇಲೆ ನಮ್ಮ ಕಣ್ಣೆದುರಿಗೇ ಹೊಳೆ ಸರಸರನೆ ಇಳಿಯಿತು. ಒಂದು ಗೇಣು, ಒಂದು ಮೊಳ. ಗಂಡಸರು ಕೂಗಿದರು, ಯಾರೋ ಸಿಳ್ಳೆ ಹಾಕಿದರು. ನಾನು ಕುಣಿದೆ. ಕುಣಿದೆ ಎಂದೇ ಬರೆಯುತ್ತೇನೆ. ಮಳೆ ಬಿಟ್ಟಿರಲಿಲ್ಲ, ಮತ್ತೆ ಹೊಳೆ ಹೇಗೆ ಇಳಿಯಿತು ಎಂದು ಯೋಚಿಸಿದವನು ಅಪ್ಪ ಒಬ್ಬನೇ. ಅವನು ಕೆಸರಿನಲ್ಲಿ ಹಾಗೇ ಕುಕ್ಕರಿಸಿದ. ಆಗ ಆಚೆ ದಡದಿಂದ ತಗಡಿನ ಡಬ್ಬ ಬಡಿಯುವ ಸದ್ದು ಕೇಳಿಸಿತು, ಬಡಿದೇ ಬಡಿದರು. ನಮ್ಮ ಪಾಲಿನ ನೀರೂ ಅವರ ಏರಿಯ ಮೇಲೆಯೇ ಹೋಗಿತ್ತು. ತೆಳ್ಳಗೆ ಹರಿದರೆ ಮಣ್ಣಿನ ಏರಿ ತಡೆಯುತ್ತದೆ. ರಭಸಕ್ಕೆ ತಡೆಯುವುದಿಲ್ಲ, ಕೊರೆದು ಬಾಯಿಬಿಡುತ್ತದೆ.

ಜನ ಸಾಯಲಿಲ್ಲ. ಅದೊಂದು ಪುಣ್ಯ ಎಂದು ಎಲ್ಲರೂ ಹೇಳಿದರು, ನಾವೂ ಹೇಳಿದೆವು. ಹೊಂಗೆ ಮರಗಳ ಮೇಲೆ ಎರಡು ದಿನ ಕೂತು ಉಳಿದುಕೊಂಡರು. ಮಣ್ಣಿನ ಗೋಡೆಗಳೆಲ್ಲ ಕರಗಿ ಕೂತವು. ಹಗ್ಗ ಬಿಚ್ಚಲು ಆಗದೆ ಕೊಟ್ಟಿಗೆಯಲ್ಲೇ ಎಮ್ಮೆಗಳು ಹೋದವು, ದೇವೀರಮ್ಮನ ಎರಡೂ. ಮೂರನೇ ದಿನ ಅಪ್ಪನೇ ಹರಿಗೋಲು ಹಾಕಿಕೊಂಡು ಹೋಗಿ ಅವರನ್ನು ಕರೆತಂದ. ಉಳಿದವರು ಅಲ್ಲಿ ಇಲ್ಲಿ ನೆಂಟರ ಮನೆ ಸೇರಿದರು. ಕರಿಯಣ್ಣ, ದೇವೀರಮ್ಮ, ಅವಳ ಮಗಳು ನಮ್ಮಲ್ಲಿ ಉಳಿದರು. ಅವ್ವ ಅವರಿಗೆ ನಡುಮನೆ ಬಿಟ್ಟುಕೊಟ್ಟು ನಮ್ಮನ್ನು ಕತ್ತಲೆ ಕೋಣೆಗೆ ಸೇರಿಸಿದಳು. ಟ್ರಂಕಿನಿಂದ ತನ್ನ ಒಳ್ಳೆಯ ಸೀರೆ ತೆಗೆದು ದೇವೀರಮ್ಮನಿಗೆ ಉಡಿಸಿದಳು. ಸಣ್ಣಕ್ಕಿ ಅನ್ನ, ತುಪ್ಪ, ಹಬ್ಬಕ್ಕೆ ಎತ್ತಿಟ್ಟಿದ್ದೆಲ್ಲ ಇಳಿಸಿ ಬಡಿಸಿದಳು. ಕರಿಯಣ್ಣ ಪ್ರತಿ ಊಟಕ್ಕೂ ಮೊದಲು ಎಲೆಗೆ ಕೈಮುಗಿದು, ಆಮೇಲೆ ಅವ್ವನ ಕಡೆ ಕೈಮುಗಿಯುತ್ತಿದ್ದ. ಅಪ್ಪ ಅವನ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟ. ಗದ್ದೆ ಕೆಲಸ ಇದೆ ಎಂದು ಹೋಗಿ, ಎಲ್ಲರದೂ ಮುಗಿದ ಮೇಲೆ ಬಂದು ಒಬ್ಬನೇ ತಣ್ಣಗಿನದು ಉಣ್ಣುತ್ತಿದ್ದ. ಒಂದು ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಇಬ್ಬರಿಗೂ ಜಗಳವಾಯಿತು. ನಾನು ಕರು ಹಿಡಿದುಕೊಂಡಿದ್ದೆ.

"ನಂಗೆ ಆಗಲ್ಲ ಕಣೆ," ಅಂದ ಅಪ್ಪ. "ಹೇಳ್ಬಿಡ್ತೀನಿ ಕರಿಯಣ್ಣಂಗೆ."

ಅವ್ವ ಕರೆಯುವುದನ್ನು ನಿಲ್ಲಿಸಲಿಲ್ಲ. "ಹೇಳಿ. ಹೇಳಿ, ನಾಳೆ ಅವರು ನಮ್ಮ ಏರಿ ಕಡಿದ್ರೆ ಈ ಹುಡುಗಿನೂ ಹೊತ್ಕೊಂಡು ಆಸ್ಪತ್ರೆಗೆ ಓಡಿ."

ಅಪ್ಪ ಹೇಳಲಿಲ್ಲ. ಅವ್ವನನ್ನು ಕೆಟ್ಟವಳು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅವಳು ಏನು ಕಳೆದುಕೊಂಡಿದ್ದಳು ಎಂದು ನಾನೂ ತಾಯಿಯಾದ ಮೇಲೆ ಗೊತ್ತಾಯಿತು. ಆದರೆ ನನ್ನ ಕತೆ ಬೇರೆ. ನಾನು ಏನನ್ನೂ ಉಳಿಸಿಕೊಳ್ಳಲು ಸುಮ್ಮನಿದ್ದದ್ದಲ್ಲ.

ಮಳೆ ಹಿಂದೆ ಸರಿದ ಮೇಲೆ ಆಚೆ ದಡದ ಗಂಡಸರು ಒಡೆದ ಏರಿಯನ್ನು ನೋಡಿ ಬಂದರು. ಏರಿ ಬಾಯಿಬಿಟ್ಟದ್ದು ದೇವೀರಮ್ಮನ ಪಾಲಿನಲ್ಲಿ. ಕಾವೇರಿ ಸಂಕ್ರಮಣಕ್ಕೆ ನಾಲ್ಕು ದಿನ ಇರುವಾಗ, ಚದುರಿಹೋಗಿದ್ದವರೆಲ್ಲ ನಮ್ಮ ಜಗಲಿಯ ಮೇಲೆ ಸೇರಿದರು, ಕೂರಲು ಅವರಿಗೆ ಬೇರೆ ಜಗಲಿ ಎಲ್ಲಿತ್ತು? ನನಗೆ ಎಲೆಅಡಿಕೆ ತಟ್ಟೆ ಹಿಡಿಯುವ ಕೆಲಸ. ದೇವೀರಮ್ಮನ ಮೈದುನನೇ ಮೊದಲು ಮಾತೆತ್ತಿದ. ಒಂಟಿ ಹೆಂಗಸು, ಹಾಲು ಮಾರೋಕೆ ದಿನಾ ಪೇಟೆಗೆ ಹೋಗೋಳು, ಏರಿ ಸರಿಯಾಗಿ ಎಲ್ಲಿ ಬಡಿದಾಳು ಅಂದ. ಅವಳ ಕೈಲಿ ಆ ಹೊಲ ಇದ್ದರೆ ಇನ್ನೊಂದು ಸಲ ಊರು ಮುಳುಗುತ್ತದೆ ಅಂದ. ಕರಿಯಣ್ಣ ತಲೆ ತಗ್ಗಿಸಿ ಕೂತಿದ್ದ.

"ನಂದೇ ತಪ್ಪು," ಅಂದ. "ಗಂಡಸಿನ ಕೆಲಸ ಹೆಣ್ಣಿಗೆ ಬಿಟ್ಟೆ."

ದೇವೀರಮ್ಮ ಬಾಗಿಲ ಬಳಿ ನಿಂತಿದ್ದವಳು ಅವ್ವನ ಕಡೆ ತಿರುಗಿದಳು.

"ನೀವು ಈ ದಡದಿಂದ ದಿನಾ ನೋಡ್ತಿದ್ರಲ್ಲ ಅಕ್ಕ, ನಾನು ಬಡೀತಿದ್ದದ್ದು. ನೀವೊಂದು ಮಾತು ಹೇಳಿ."

"ನೋಡ್ತಿದ್ದೆ," ಅಂದಳು ಅವ್ವ. ಧ್ವನಿ ಸಣ್ಣದಾಗಿತ್ತು. "ಚೆನ್ನಾಗೇ ಬಡೀತಿದ್ಲು."

"ಚೆನ್ನಾಗಿ ಬಡಿದಿದ್ರೆ ನಿಮ್ಮದರ ಹಂಗೇ ನಿಲ್ತಿತ್ತಲ್ಲಮ್ಮ," ಅಂದ ಮೈದುನ. "ನೀರು ಎರಡೂ ಕಡೆ ಒಂದೇ ತಾನೇ?"

ಜಗಲಿಯಲ್ಲಿ ನಮ್ಮ ಕಡೆಯ ಐದು ಮನೆಯ ಗಂಡಸರೂ ಕೂತಿದ್ದರು. ಒಬ್ಬರೂ ತಲೆಯೆತ್ತಲಿಲ್ಲ. ಅಪ್ಪ ಎದ್ದು ದನ ನೋಡುತ್ತೇನೆಂದು ಹೋದ. ದೇವೀರಮ್ಮ ನನ್ನನ್ನು ನೋಡಿದಳು, ಏನನ್ನೂ ಕೇಳುವಂತಲ್ಲ, ಎದುರಿಗಿದ್ದೆನಲ್ಲ, ನೋಡಿದಳು. ಒಂದು ಮಾತು ಸಾಕಿತ್ತು. ಕಲ್ಲಿನ ಬುಡ ಅಗೆಯಿರಿ ಎಂದರೆ ಮುಗಿಯುತ್ತಿತ್ತು. ಅಪ್ಪ ಅವ್ವನನ್ನು ಕಾಪಾಡಬೇಕೆಂದು ನಾನು ಬಾಯಿ ಮುಚ್ಚಿಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಕಲ್ಲಿನ ವಿಷಯ ಬಂದರೆ ಕಾಯಿಲೆಯ ಸುಳ್ಳು ಹೊರಗೆ ಬರುತ್ತಿತ್ತು, ಕುಡಿದ ಹಾಲಿನ ವಿಷಯ ಬರುತ್ತಿತ್ತು. ಅಷ್ಟು ಜನರ ಮುಂದೆ ಮಗುವಿನ ಬಾಯಿಯ ಹಾಲು ಕುಡಿದವಳು ಎನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ತಟ್ಟೆಯನ್ನು ಮುಂದಿನವರಿಗೆ ಹಿಡಿದೆ. ಹೊಲ ಮೈದುನನ ಕೈಗೆ ಹೋಗಬೇಕು, ದೇವೀರಮ್ಮ ತವರಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ಸಂಕ್ರಮಣ ಮುಗಿಸಿ ಅವಳು ಮಗಳ ಕೈ ಹಿಡಿದುಕೊಂಡು ಹೊರಟಳು. ಹೋಗುವಾಗ ಅವ್ವನ ಕಾಲಿಗೆ ಬಿದ್ದಳು. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ಅದನ್ನೂ ಜನ ದೊಡ್ಡತನ ಎಂದರು.

ನಾನು ಓದಿ, ಟೀಚರಾಗಿ, ಸೋಮವಾರಪೇಟೆಗೆ ಹೋಗುವ ಹೊತ್ತಿಗೆ ಕೊಡಗು ಮೈಸೂರು ಎರಡೂ ಒಂದೇ ರಾಜ್ಯವಾಗಿದ್ದವು. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಒಂದು ಸಂತೆಯ ದಿನ ಸೊಪ್ಪು ಆರಿಸುತ್ತಿದ್ದಾಗ ಯಾರೋ ನನ್ನ ಮೊಣಕೈ ಹಿಡಿದುಕೊಂಡರು. ತಲೆಗೂದಲು ಪೂರ್ತಿ ಹಣ್ಣಾಗಿತ್ತು, ಆದರೂ ಗುರುತು ಸಿಕ್ಕಿತು.

"ನಿಮ್ಮವ್ವನ ಮುಖ ಕಣವ್ವ," ಅಂದಳು ದೇವೀರಮ್ಮ. "ಇಷ್ಟೆತ್ತರ ಬೆಳೆದುಬಿಟ್ಟೆಯಾ."

ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಕೆಲಸದಲ್ಲಿದ್ದಳು. ಬಿಡದೆ ಕೂಲಿಯವರ ಸಾಲಿನಲ್ಲಿದ್ದ ತನ್ನ ಲೈನ್ ಮನೆಗೆ ಕರೆದುಕೊಂಡು ಹೋದಳು. ಒಂದೇ ಕೋಣೆ, ಗೋಡೆಗೆ ಮೊಮ್ಮಕ್ಕಳ ಫೋಟೊ. ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತಳು. ನಾನು ಬಾಗಿಲ ಹತ್ತಿರ ಮಣೆಯ ಮೇಲೆ ಕೂತು, ಅವಳ ಬೆನ್ನಿಗೆ ಹೇಳಿದೆ. ಮುಖಕ್ಕೆ ಹೇಳುವ ಧೈರ್ಯ ಇರಲಿಲ್ಲ.

"ಅಕ್ಕ, ನಿಮ್ಮ ಏರಿ ಒಡೆದದ್ದು ನಿಮ್ಮ ತಪ್ಪಲ್ಲ. ನಾವು ಕಲ್ಲು ಎತ್ತಿದ್ವಿ. ಒಂದು ಗೇಣು. ಅಪ್ಪ ಮೀಟಿದ, ಅವ್ವ ಅಡಿಗೆ ಕಲ್ಲು ಕೊಟ್ಲು, ನಾನು ಗುರುತು ಕಾಣದ ಹಾಗೆ ಪಾಚಿ ಹಚ್ಚಿದೆ. ನಂಗೆ ಯಾವ ಕಾಯ್ಲೆನೂ ಬಂದಿರ್ಲಿಲ್ಲ."

ಅವಳ ಕೈ ನಿಂತಿತು. ತಿರುಗಿದಾಗ ಮುಖದಲ್ಲಿ ಸಿಟ್ಟಿತ್ತು. ಅದು ನಾನು ಕಾಯುತ್ತಿದ್ದ ಸಿಟ್ಟಲ್ಲ.

"ಟೀಚರಮ್ಮ ಆಗಿ ಇದೇನು ಮಾತಾಡ್ತೀಯ? ಹೆತ್ತೋರು, ಅದರಲ್ಲೂ ಹೋದೋರ ಮೇಲೆ. ಮೂರು ತಿಂಗಳು ಉಣ್ಣಕ್ಕಿಕ್ಕಿದ ಮನೆ ಅದು. ನಿಮ್ಮವ್ವ ಟ್ರಂಕಿನ ಒಳ್ಳೇ ಸೀರೆ ನಂಗೆ ಕೊಟ್ಟೋಳು."

"ನಿಜ ಅಕ್ಕ. ನನ್ನ ಕೈಯಾರೆ—"

"ಸುಮ್ನಿರು. ಆ ವರ್ಷ ಏರಿಗೆ ಮಣ್ಣು ಹಾಕೋ ದಿನ ನನ್ನ ಮಗೀಗೆ ಮೈ ಬಿಸಿ ಇತ್ತು. ಮಧ್ಯಾಹ್ನದ ಮೇಲೆ ನಾನು ಬಡೀಲಿಲ್ಲ. ನಾಲ್ಕು ಮಂಕರಿ ಮಣ್ಣು ಹಂಗೇ ಸುರುವಿ, ಮೇಲೆ ಹುಲ್ಲು ಮುಚ್ಚಿ ಮನೆಗೆ ಬಂದ್ಬಿಟ್ಟೆ. ನಮ್ಮ ಮಾವಂಗೂ ಹೇಳಿಲ್ಲ, ಸಾಯೋವರೆಗೂ ಹೇಳಿಲ್ಲ. ಜಗಲಿ ಮೇಲೆ ಅಷ್ಟು ಜನದ ಮುಂದೆ ನಿಮ್ಮವ್ವನ ಬಾಯಲ್ಲಿ ಸುಳ್ಳು ಹೇಳಿಸ್ದೆ, ಚೆನ್ನಾಗಿ ಬಡೀತಿದ್ಲು ಅಂತ. ಊರು ಮುಳುಗಿಸ್ದೋಳು ನಾನು. ನನ್ನ ಮನಸ್ಸು ತಣ್ಣಗಾಗ್ಲಿ ಅಂತ ನೀನು ನಿಮ್ಮಪ್ಪನ ಮೇಲೆ ಹಾಕ್ಬ್ಯಾಡ."

ನಾಲ್ಕು ಮಂಕರಿ ಮಣ್ಣು. ಇಷ್ಟು ವರ್ಷ ಅವಳು ಹೊತ್ತುಕೊಂಡಿದ್ದದ್ದು ಅದನ್ನು. ನಾಲ್ಕಲ್ಲ, ನಾಲ್ಕು ನೂರು ಮಂಕರಿಯನ್ನು ಬಡಿದು ಕಲ್ಲಿನಂತೆ ಮಾಡಿದ್ದರೂ ಆ ಏರಿ ನಿಲ್ಲುತ್ತಿರಲಿಲ್ಲ, ನೀರಿಗೆ ನಾವು ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ. ಅವಳ ಭುಜ ಹಿಡಿದು ಅದನ್ನು ಹೇಳಬೇಕಿತ್ತು. ನಂಬುವವರೆಗೂ ಹೇಳಬೇಕಿತ್ತು, ಬೇಕಾದರೆ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ಆ ಬುಡವನ್ನು ಅಗೆದು ತೋರಿಸಬೇಕಿತ್ತು. ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನ್ನೊಳಗೆ ಏನೋ ಸಡಿಲವಾಗಿ ಹೋಗಿತ್ತು. ನಾನು ಹೇಳಿದ್ದೆ, ಅವಳು ನಂಬಿರಲಿಲ್ಲ, ಇನ್ನು ನನ್ನ ಮೇಲೆ ಏನೂ ಇಲ್ಲ ಎನಿಸಿತು. ಹಗುರವಾಯಿತು. ಜಗಲಿಯ ಮೇಲೆ ಸುಮ್ಮನಿದ್ದದ್ದಕ್ಕಿಂತ ಆ ಹಗುರಕ್ಕೆ ನನಗೆ ಇವತ್ತು ಹೆಚ್ಚು ನಾಚಿಕೆಯಾಗುತ್ತದೆ. ಅವತ್ತು ನಾನು ಮಗು. ಸೋಮವಾರಪೇಟೆಯಲ್ಲಿ ಮಗುವಾಗಿರಲಿಲ್ಲ.

ದೇವೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಾವಲಿಯಿಂದ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದಳು. ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ ಇಟ್ಟಳು.

"ಬಿಸಿ ಇರೋವಾಗ್ಲೇ ತಿನ್ನು," ಅಂದಳು.

ತಿಂದೆ.